ಕಟ್ಟಡ, ಬೋರ್ಡು, ಕ್ಯಾಮೆರಾ: ಬೀದಿಯಲ್ಲಿ ನಿಂತು ಫೋಟೋ ತೆಗೆಯುವವರಿಗೆ

"ಸಾರ್, ಇಲ್ಲಿ ಫೋಟೋ ತೆಗೀಬಾರ್ದು."

ಬೆಂಗಳೂರಿನ ಎಂ.ಜಿ. ರಸ್ತೆ, ಸಂಜೆ ಆರೂವರೆ. ಮಳೆ ನಿಂತು ಹತ್ತು ನಿಮಿಷ ಆಗಿತ್ತು. ಎದುರಿನ ಗಾಜಿನ ಕಟ್ಟಡದ ನೀಲಿ ಬೋರ್ಡು ಫುಟ್‌ಪಾತಿನ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ನಾನು ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದೆ. ಸೆಕ್ಯುರಿಟಿಯವರು ಓಡಿ ಬಂದರು. "ಕಂಪನಿ ಬಿಲ್ಡಿಂಗು ಸಾರ್, ಮೇಲಿನವರು ನಮ್ಮನ್ನ ಬೈತಾರೆ" ಅಂದರು.

ಎದ್ದು ನನ್ನ ಕಾಲು ನೋಡಿಕೊಂಡೆ. ಒಂದು ಕಾಲು ಕಟ್ಟಡದವರು ಹಾಕಿಸಿದ ನುಣುಪು ಗ್ರಾನೈಟಿನ ಮೇಲಿತ್ತು, ಇನ್ನೊಂದು ಫುಟ್‌ಪಾತಿನ ಒರಟು ಕಲ್ಲಿನ ಮೇಲೆ. ಎರಡು ಹೆಜ್ಜೆ ಹಿಂದೆ ಬಂದೆ. "ಅಣ್ಣಾ, ಈಗ ರಸ್ತೆಯಲ್ಲಿ ನಿಂತಿದ್ದೀನಿ, ಅಲ್ವಾ?" ಅಂದೆ. ಅವರು ಕೆಳಗೆ ನೋಡಿದರು. "ಹ್ಞೂ ಸಾರ್, ಅದು ನಮ್ದಲ್ಲ. ಅಲ್ಲಿಂದ ತಗೊಳ್ಳಿ" ಅಂದರು. ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು.

ನಮ್ಮ ಊರುಗಳ ಕಟ್ಟಡ, ಅಂಗಡಿ, ಬೋರ್ಡುಗಳನ್ನು ಚಿತ್ರ ತೆಗೆಯುವ ಹುಡುಗ ಹುಡುಗಿಯರು ಈಗ ತುಂಬಾ ಜನ ಇದ್ದಾರೆ. ಅವರಲ್ಲಿ ಬಹಳಷ್ಟು ಜನ ಇಂಥ ಒಂದು ಮಾತಿಗೆ ಹೆದರಿ ಕ್ಯಾಮೆರಾ ಚೀಲಕ್ಕೆ ಹಾಕಿಬಿಡುತ್ತಾರೆ. ಇನ್ನು ಕೆಲವರು ಯಾವ ಯೋಚನೆಯೂ ಇಲ್ಲದೆ ತೆಗೆದ ಚಿತ್ರವನ್ನು ಜಾಹೀರಾತಿಗೆ ಕೊಟ್ಟು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಎರಡೂ ಬೇಡ. ಭಾರತದಲ್ಲಿ ಬೀದಿಯಿಂದ ಕಾಣುವ ಕಟ್ಟಡದ ಫೋಟೋ ತೆಗೆಯೋದಕ್ಕೆ ಕಾನೂನು ನಿಮ್ಮ ಪರವಾಗೇ ಇದೆ. ಕಷ್ಟ ಶುರುವಾಗೋದು ಹೆಚ್ಚಾಗಿ ಆ ಚಿತ್ರವನ್ನು ಎಲ್ಲಿ ಬಳಸುತ್ತೀರಿ ಅನ್ನೋದರಲ್ಲಿ. ಹಂತ ಹಂತವಾಗಿ ನೋಡೋಣ.

ಹಂತ 1: ಕಾಲು ಎಲ್ಲಿದೆ ನೋಡಿಕೊಳ್ಳಿ

ರಸ್ತೆ, ಫುಟ್‌ಪಾತು, ಬಸ್ ಸ್ಟಾಪು, ಮೇಲ್ಸೇತುವೆ, ಸಾರ್ವಜನಿಕ ಮೈದಾನ. ಇಲ್ಲಿ ನಿಂತಾಗ ಕಣ್ಣಿಗೆ ಕಾಣೋದನ್ನು ತೆಗೆಯಬಾರದು ಅನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ. ಕಟ್ಟಡ ಯಾರದ್ದೇ ಆಗಿರಲಿ, ಅದರ ಹೊರನೋಟ ಬೀದಿಗೆ ಬಿದ್ದಿದೆ.

ಮಾಲು, ಟೆಕ್ ಪಾರ್ಕು, ಅಪಾರ್ಟ್‌ಮೆಂಟಿನ ಅಂಗಳ, ಹೋಟೆಲಿನ ಪೋರ್ಟಿಕೋ, ಕಾಲೇಜು ಕ್ಯಾಂಪಸ್ಸು, ಇವು ಬೇರೆ. ಜನ ಓಡಾಡುತ್ತಾರೆ ನಿಜ, ಆದರೆ ಜಾಗ ಖಾಸಗಿಯದು ಅಥವಾ ಸಂಸ್ಥೆಯದು. ಅಲ್ಲಿ ಮಾಲೀಕರು ಹೇಳಿದ್ದೇ ನಿಯಮ. ಬೇಡ ಅಂದರೆ ನಿಲ್ಲಿಸಬೇಕು, ಹೊರಗೆ ಹೋಗಿ ಅಂದರೆ ಹೋಗಬೇಕು. ಹಟ ಮಾಡಿ ನಿಂತರೆ ಅದು ಅತಿಕ್ರಮ ಪ್ರವೇಶದ ದೂರಿಗೆ ದಾರಿ. ಆದರೆ ಒಂದು ತಿಳಿದಿರಲಿ. ಅವರ ಜಾಗದಲ್ಲಿ ನಿಂತು ತೆಗೆದ ಮಾತ್ರಕ್ಕೆ ಆ ಚಿತ್ರ ಅವರದ್ದಾಗೋದಿಲ್ಲ.

ಎಲ್ಲಿಗೆ ಅವರ ಜಾಗ ಮುಗಿಯುತ್ತದೆ ಅಂತ ತಿಳಿಯೋದು ಹೇಗೆ? ನೆಲ ನೋಡಿ. ಹಾಸುಗಲ್ಲಿನ ಬಣ್ಣ ಬದಲಾಗುವ ಗೆರೆ, ಚರಂಡಿ ಮೇಲಿನ ಚಪ್ಪಡಿ, ಕಾಂಪೌಂಡಿನ ಕಂಬ, ಸರಪಳಿ ಕಟ್ಟಿದ ಗಿಡ್ಡ ಕಂಬಗಳು. ಅನುಮಾನ ಬಂದರೆ ರಸ್ತೆಯ ಆಚೆ ಬದಿಗೆ ಹೋಗಿಬಿಡಿ. ಕಟ್ಟಡದ ಚಿತ್ರ ಹೇಗಿದ್ದರೂ ಅಲ್ಲಿಂದಲೇ ಚೆನ್ನಾಗಿ ಬರುತ್ತದೆ.

ಪುರಾತತ್ತ್ವ ಇಲಾಖೆಯ ಸ್ಮಾರಕಗಳದ್ದು ಇನ್ನೊಂದು ಲೆಕ್ಕ. ಹಂಪಿ, ಬಾದಾಮಿ, ಪಟ್ಟದಕಲ್ಲಿನಂಥ ಕಡೆ ಕೈಯಲ್ಲಿ ಕ್ಯಾಮೆರಾ ಹಿಡಿದು ನಿಮಗಾಗಿ ತೆಗೆಯೋದಕ್ಕೆ ಅಡ್ಡಿಯಿಲ್ಲ. 2018ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳಲ್ಲಿ ಫೋಟೋಗೆ ಇದ್ದ ತಡೆಯನ್ನು ತೆಗೆಯಿತು. ಅಜಂತಾ ಗುಹೆ, ಲೇಹ್ ಅರಮನೆ, ತಾಜಮಹಲಿನ ಸಮಾಧಿ ಕೋಣೆ, ಈ ಮೂರನ್ನು ಮಾತ್ರ ಆಗ ಹೊರಗಿಟ್ಟಿತು. ಆದರೆ ಟ್ರೈಪಾಡು, ಲೈಟು, ಬಟ್ಟೆ ಬದಲಿಸುವ ಮಾಡೆಲ್ಲು ಅಂತ ಹೊರಟರೆ ಅದು ಬೇರೆ ಮಾತು. ಮುಂಚೆಯೇ ಅರ್ಜಿ ಹಾಕಿ ಅನುಮತಿ ತೆಗೆದುಕೊಳ್ಳಿ. ಲಾಲ್‌ಬಾಗಿನಂಥ ತೋಟಗಳಲ್ಲಿ ಕ್ಯಾಮೆರಾಗೆ ಬೇರೆ ಟಿಕೆಟ್ ಇರುತ್ತದೆ, ಗೇಟಿನಲ್ಲೇ ಕೇಳಿಕೊಳ್ಳಿ.

ಟ್ರೈಪಾಡಿನ ಬಗ್ಗೆ ಇನ್ನೊಂದು ಮಾತು. ಫುಟ್‌ಪಾತಿನಲ್ಲಿ ಅದರ ಮೂರು ಕಾಲು ಹರಡಿದರೆ ನಡೆಯುವವರಿಗೆ ಜಾಗ ಇರೋದಿಲ್ಲ. ಪೊಲೀಸರು ಆಗ ಕೇಳೋದು ಫೋಟೋ ಬಗ್ಗೆ ಅಲ್ಲ, ದಾರಿಗೆ ಅಡ್ಡ ನಿಂತಿದ್ದಕ್ಕೆ. ಅವರು ಕೇಳೋದು ಸರಿಯೇ.

ಹಂತ 2: ಎದುರಿಗಿರುವುದು ಯಾವ ಕಟ್ಟಡ?

ಇಲ್ಲಿ ವಾದ ಬೇಡ, ಚೌಕಾಸಿ ಬೇಡ. ಸೇನೆ, ನೌಕಾಪಡೆ, ವಾಯುಪಡೆಯ ಜಾಗಗಳು, ಶಸ್ತ್ರಾಸ್ತ್ರ ಕಾರ್ಖಾನೆಗಳು, ಸರ್ಕಾರ ನಿಷೇಧಿತ ಅಂತ ಘೋಷಿಸಿದ ಜಾಗಗಳು 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಕೆಳಗೆ ಬರುತ್ತವೆ. ಆ ಕಾಯ್ದೆ ಹಿಡಿಯೋದು ದೇಶಕ್ಕೆ ಕೆಡುಕು ಮಾಡುವ ಉದ್ದೇಶವನ್ನು. ನಿಮಗೆ ಅಂಥ ಉದ್ದೇಶ ಇಲ್ಲ ಅಂತ ನಿಮಗೆ ಗೊತ್ತು. ಗೇಟಿನಲ್ಲಿ ಕಾವಲು ನಿಂತಿರುವ ಯೋಧನಿಗೆ ಅದು ಗೊತ್ತಿಲ್ಲ. ಕಾರವಾರದ ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ, ಬೆಂಗಳೂರಿನ ಹಲಸೂರು ಕೆರೆ ಸುತ್ತಲಿನ ಸೇನೆಯ ಜಾಗಗಳು, ಎಚ್‌ಎಎಲ್ ಗೋಡೆಗಳು, ಇವುಗಳ ಕಡೆ ಲೆನ್ಸು ತಿರುಗಿಸಬೇಡಿ. "ಛಾಯಾಗ್ರಹಣ ನಿಷೇಧಿಸಲಾಗಿದೆ" ಅನ್ನುವ ಬೋರ್ಡು ಅಣೆಕಟ್ಟಿನ ಬಳಿ ಇರಲಿ, ಬೇರೆ ಸರ್ಕಾರಿ ಜಾಗದಲ್ಲಿರಲಿ, ಅದಕ್ಕೆ ಮರ್ಯಾದೆ ಕೊಡಿ. ರೈಲು ನಿಲ್ದಾಣ, ಮೆಟ್ರೋ ನಿಲ್ದಾಣದ ಒಳಗೆ ಅವರವರ ನಿಯಮ ಇರುತ್ತದೆ. ದುಡ್ಡಿನ ಕೆಲಸಕ್ಕೆ ಚಿತ್ರ ತೆಗೆಯೋದಾದರೆ ಮೊದಲೇ ಪತ್ರ ಬರೆಯಬೇಕು.

ಡ್ರೋನ್ ಇದ್ದವರು 2021ರ ಡ್ರೋನ್ ನಿಯಮ ಓದಲೇಬೇಕು. ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ಅಂತ ಗುರುತು ಮಾಡಿದ್ದಾರೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಾರಿಸುವ ದಿನ ಬೆಳಗ್ಗೆಯೇ ನಕ್ಷೆ ನೋಡಿಕೊಳ್ಳಿ, ಕಳೆದ ತಿಂಗಳು ನೋಡಿದ್ದು ಸಾಲದು.

ಹಂತ 3: ಫ್ರೇಮಿನೊಳಗೆ ಏನೇನಿದೆ ಎಣಿಸಿ

ಹೆಚ್ಚು ಜನ ಎಡವೋದು ಇಲ್ಲೇ. ಒಂದೇ ಬೀದಿ ಚಿತ್ರದೊಳಗೆ ಕಟ್ಟಡ ಇರುತ್ತದೆ, ಪ್ರತಿಮೆ ಇರುತ್ತದೆ, ಗೋಡೆ ಚಿತ್ರ ಇರುತ್ತದೆ, ಬೋರ್ಡು ಇರುತ್ತದೆ, ಜನ ಇರುತ್ತಾರೆ. ನೋಡುವವರಿಗೆ ಒಂದೇ ಚಿತ್ರ. ಕಾನೂನಿನ ಕಣ್ಣಿಗೆ ಒಂದೊಂದೂ ಬೇರೆ.

ಮೊದಲು ಕಟ್ಟಡ. 1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52(1)(ಎಸ್) ಸೆಕ್ಷನ್ ಹೇಳೋದು ತುಂಬಾ ಸರಳ. ವಾಸ್ತುಶಿಲ್ಪ ಕೃತಿಯ ಫೋಟೋ ತೆಗೆಯೋದು, ಪ್ರಕಟಿಸೋದು ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲ. ಸಂಪಾದನೆಗೋ ಸಂತೋಷಕ್ಕೋ ಅನ್ನುವ ಷರತ್ತನ್ನೂ ಅದು ಹಾಕಿಲ್ಲ. ಹಾಗಾಗಿ ನೀವು ಬೀದಿಯಲ್ಲಿ ನಿಂತು ತೆಗೆದ ಕಟ್ಟಡದ ಚಿತ್ರವನ್ನು ಪೋಸ್ಟ್‌ಕಾರ್ಡು ಮಾಡಿ ಮಾರಿದರೂ ವಾಸ್ತುಶಿಲ್ಪಿ ಬಂದು ಹಕ್ಕುಸ್ವಾಮ್ಯದ ಹೆಸರಲ್ಲಿ ತಡೆಯೋದಕ್ಕೆ ಆಗೋದಿಲ್ಲ. ಹಳೆಯ ಕಟ್ಟಡಕ್ಕಷ್ಟೇ ಅಲ್ಲ, ಹೊಸದಕ್ಕೂ ಇದೇ ಮಾತು.

ಒಂದು ಉದಾಹರಣೆ ಕೊಡ್ತೀನಿ. ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ಸಿನ ವಿನ್ಯಾಸ ವಾಸ್ತುಶಿಲ್ಪಿ ಬಿ.ವಿ. ದೋಶಿಯವರದು. ಅವರು ತೀರಿಕೊಂಡಿದ್ದು 2023ರಲ್ಲಿ. ನಮ್ಮ ಕಾನೂನಿನಲ್ಲಿ ಕೃತಿ ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ ಆ ಕಟ್ಟಡದ ಹಕ್ಕು ಇನ್ನೂ ಬಹಳ ಕಾಲ ಇರುತ್ತದೆ. ಆದರೂ ಅದರ ಫೋಟೋ ತೆಗೆದು ಪ್ರಕಟಿಸಿದರೆ ಆ ಹಕ್ಕಿಗೆ ಧಕ್ಕೆ ಇಲ್ಲ. ಆ ಕಲ್ಲಿನ ಕಾರಿಡಾರುಗಳಲ್ಲಿ ಮೇಲಿನಿಂದ ಬೀಳುವ ಬಿಸಿಲಿಗೆ ಮನಸ್ಸು ಸೋತು ಒಳಗೆ ಹೋಗಬೇಕು ಅನ್ನಿಸಿದರೆ ಮಾತ್ರ ಹಂತ 1ಕ್ಕೆ ವಾಪಸ್ ಬನ್ನಿ. ಗೇಟು ದಾಟೋದಕ್ಕೆ ಸಂಸ್ಥೆಯ ಅನುಮತಿ ಬೇಕು. ಈ ಎರಡನ್ನೂ ಜನ ಸದಾ ಕಲಸಿಕೊಳ್ಳುತ್ತಾರೆ.

ಪ್ರತಿಮೆಗೆ ಅದರ ಮುಂದಿನ ಉಪಸೆಕ್ಷನ್, 52(1)(ಟಿ). ಸಾರ್ವಜನಿಕ ಜಾಗದಲ್ಲಿ, ಅಥವಾ ಜನ ಹೋಗಿಬರುವ ಆವರಣದಲ್ಲಿ ಶಾಶ್ವತವಾಗಿ ಇರುವ ಶಿಲ್ಪದ ಫೋಟೋ ತೆಗೆಯಬಹುದು, ಪ್ರಕಟಿಸಬಹುದು. ಬೆಂಗಳೂರು ವಿಮಾನ ನಿಲ್ದಾಣದ ಬಳಿ 2022ರಲ್ಲಿ ನಿಲ್ಲಿಸಿದ 108 ಅಡಿಯ ಕೆಂಪೇಗೌಡರ ಪ್ರತಿಮೆ ಇದರೊಳಗೆ ಬರುತ್ತದೆ.

"ಶಾಶ್ವತವಾಗಿ" ಅನ್ನುವ ಪದದ ಮೇಲೆ ಬೆರಳಿಡಿ. ಗಣೇಶನ ಹಬ್ಬದ ಪೆಂಡಾಲಿನ ಮೂರ್ತಿ ಕೆರೆಗೆ ಹೋಗುತ್ತದೆ. ದಸರಾ ಸ್ತಬ್ಧಚಿತ್ರ ಮೆರವಣಿಗೆ ಮುಗಿದ ಮೇಲೆ ಬಿಚ್ಚಿ ಹೋಗುತ್ತದೆ. ಫಲಪುಷ್ಪ ಪ್ರದರ್ಶನದ ಹೂವಿನ ಮಾದರಿ ಕೆಲವೇ ದಿನದ್ದು. ಇವು ಯಾವುವೂ ಶಾಶ್ವತವಲ್ಲ. ನಿಮ್ಮ ಖುಷಿಗೆ ತೆಗೆಯೋದು, ನಡೆಯುತ್ತಿರುವ ಸಮಾರಂಭದ ವರದಿಗೆ ಬಳಸೋದು, ಅದರ ಬಗ್ಗೆ ವಿಮರ್ಶೆ ಬರೆಯೋದು, ಇವಕ್ಕೆ ಕಾಯ್ದೆ ನ್ಯಾಯಯುತ ಬಳಕೆ ಅಂತ ಬೇರೆ ದಾರಿ ಕೊಟ್ಟಿದೆ. ಆದರೆ ಆ ಮೂರ್ತಿಯೊಂದನ್ನೇ ದೊಡ್ಡದಾಗಿ ತೆಗೆದು ಕ್ಯಾಲೆಂಡರ್ ಮಾಡಿ ಮಾರುವ ಮುಂಚೆ ಮೂರ್ತಿ ಮಾಡಿದವರನ್ನು ಒಂದು ಮಾತು ಕೇಳಿ.

ಈಗ ಗೋಡೆ ಚಿತ್ರ. ಇದರ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿ. ಚರ್ಚ್ ಸ್ಟ್ರೀಟಿನಂಥ ಕಡೆ ಗೋಡೆ ತುಂಬಾ ಬಣ್ಣ ಇರುತ್ತದೆ, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ 52(1)(ಟಿ) ಹೆಸರಿಸೋದು ಶಿಲ್ಪವನ್ನು ಮತ್ತು ಕಲಾತ್ಮಕ ಕರಕುಶಲ ಕೃತಿಗಳನ್ನು. ಬಣ್ಣದ ಚಿತ್ರದ ಹೆಸರು ಅದರಲ್ಲಿ ಇಲ್ಲ. ಚಿತ್ರ ಬೀದಿಯಲ್ಲಿದೆ ಅಂದಮಾತ್ರಕ್ಕೆ ಅದು ಎಲ್ಲರದ್ದೂ ಅಲ್ಲ.

ಮುಂಬೈಯಲ್ಲಿ ನಡೆದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಾಹಿಮ್‌ನಲ್ಲಿ ಮೆಕ್ಸಿಕೋದ ಕಲಾವಿದೆ ಪಾವೋಲಾ ಡೆಲ್ಫಿನ್ ಬರೆದ ದೊಡ್ಡ ಗೋಡೆ ಚಿತ್ರ ಇತ್ತು. ಒಂದು ವಿಮಾ ಕಂಪನಿ ಅದನ್ನು ತನ್ನ ಜಾಹೀರಾತಿಗೆ ಬಳಸಿಕೊಂಡಿತು. ಚಿತ್ರ ಬರೆಸಿದ ಪ್ರತಿಷ್ಠಾನ ದೆಹಲಿ ಹೈಕೋರ್ಟಿಗೆ ಹೋಯಿತು. 2023ರ ನವೆಂಬರಿನಲ್ಲಿ ಕೋರ್ಟು, ಇದು ಮೇಲ್ನೋಟಕ್ಕೇ ಜಾಹೀರಾತು ಅಂತ ಹೇಳಿ, ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದನ್ನೆಲ್ಲ ತೆಗೆಯಿರಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ನೀವು ಅದೇ ಗೋಡೆಯ ಮುಂದೆ ಸೈಕಲ್ಲು ಹೊಡೆಯುವ ಹುಡುಗನ ಚಿತ್ರ ತೆಗೆದು ಗೆಳೆಯರಿಗೆ ತೋರಿಸೋದು ಬೇರೆ, ಗೋಡೆಯ ಚಿತ್ರವನ್ನೇ ಸರಕು ಮಾಡೋದು ಬೇರೆ.

ಹಿನ್ನೆಲೆಯಲ್ಲಿ ಸ್ವಲ್ಪ ಕಾಣಿಸಿದರೆ? ಸಿನಿಮಾಕ್ಕೆ ಕಾಯ್ದೆಯಲ್ಲೇ ಸ್ಪಷ್ಟ ಮಾತಿದೆ. 52(1)(ಯು) ಪ್ರಕಾರ ಹಿನ್ನೆಲೆಯಾಗಿ, ಆಕಸ್ಮಿಕವಾಗಿ ಬಂದ ಕಲಾಕೃತಿಗೆ ತೊಂದರೆ ಇಲ್ಲ. ಸ್ಟಿಲ್ ಫೋಟೋಗೆ ಅಷ್ಟು ನೇರವಾದ ಸಾಲು ಇಲ್ಲ. ಆದರೆ ತೀರಾ ಅಲ್ಪ ಬಳಕೆಯನ್ನು ಉಲ್ಲಂಘನೆ ಅಂತ ಎಳೆದಾಡಬಾರದು ಅನ್ನುವ ತತ್ತ್ವವನ್ನು ದೆಹಲಿ ಹೈಕೋರ್ಟ್ 2012ರಲ್ಲಿ ಒಪ್ಪಿದೆ. ಅದು ಟಿವಿ ಕಾರ್ಯಕ್ರಮದಲ್ಲಿ ಬಂದ ಹಾಡಿನ ತುಣುಕಿನ ಪ್ರಕರಣ. ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಚಿತ್ರದಿಂದ ಆ ಪೋಸ್ಟರನ್ನೋ ಗೋಡೆ ಬರಹವನ್ನೋ ಹೆಬ್ಬೆರಳಿನಿಂದ ಮುಚ್ಚಿ ನೋಡುತ್ತೇನೆ. ಮುಚ್ಚಿದ ಮೇಲೂ ಚಿತ್ರ ನಿಂತರೆ ಅದು ಹಿನ್ನೆಲೆ. ಚಿತ್ರವೇ ಬಿದ್ದುಹೋದರೆ ನಾನು ಬೇರೆಯವರ ಕೆಲಸದ ಮೇಲೆ ನಿಂತಿದ್ದೇನೆ ಅಂತ ಅರ್ಥ.

ಜನರ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಅದೇ ಒಂದು ದೊಡ್ಡ ಲೇಖನ ಆಗುತ್ತದೆ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಬೀದಿಯ ಗುಂಪಿನಲ್ಲಿ ಮುಖ ಬರೋದು ಸಹಜ. ಆದರೆ ಕಿಟಕಿಯೊಳಗೆ, ಬಾಲ್ಕನಿಯೊಳಗೆ ಲಾಂಗ್ ಲೆನ್ಸು ಹಾಕಬೇಡಿ. ಗುರುತು ಸಿಗುವ ಮುಖ ಜಾಹೀರಾತಿಗೆ ಹೋಗುವುದಾದರೆ ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಮಕ್ಕಳಿದ್ದರೆ ತಂದೆ ತಾಯಿಯನ್ನು ಕೇಳಿ.

ಹಂತ 4: ಬೋರ್ಡು ಕಂಡರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ

ಕಂಪನಿಯ ಲೋಗೋ ಟ್ರೇಡ್‌ಮಾರ್ಕು. ಅದು ಇರೋದು ಕೊಳ್ಳುವವರಿಗೆ "ಇದು ಯಾರ ಮಾಲು" ಅಂತ ತಿಳಿಸೋದಕ್ಕೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮುಖ್ಯವಾಗಿ ಹಿಡಿಯೋದು ವ್ಯಾಪಾರದಲ್ಲಿ ಆ ಗುರುತನ್ನು ನಿಮ್ಮದೆಂಬಂತೆ ಬಳಸಿದಾಗ, ಅಥವಾ ಅದರ ಹೆಸರಿನ ಲಾಭವನ್ನು ಅನ್ಯಾಯವಾಗಿ ಪಡೆದಾಗ. ಬೀದಿಯ ಚಿತ್ರದಲ್ಲಿ ಬೋರ್ಡು ಕಂಡರೆ ಅದು ಆ ಥರದ ಬಳಕೆ ಆಗೋದಿಲ್ಲ. ಗಾಂಧಿ ಬಜಾರಿನ ಚಿತ್ರ ತೆಗೆದರೆ ಅಂಗಡಿ ಬೋರ್ಡು ಬರದೆ ಇರುತ್ತಾ?

ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಚಿತ್ರ ನೋಡಿದವರು "ಈ ಕಂಪನಿಯವರೇ ಇದನ್ನು ಮಾಡಿದ್ದಾರೆ, ಅಥವಾ ಇದಕ್ಕೆ ಒಪ್ಪಿದ್ದಾರೆ" ಅಂತ ಅಂದುಕೊಳ್ಳುತ್ತಾರಾ?

ಈ ಪ್ರಶ್ನೆ ನನಗೆ ಕಲಿಸಿದ್ದು ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನ ಹಿರಿಯರು. ನನ್ನ ಗೆಳೆಯನೊಬ್ಬ ಕಾಫಿಪುಡಿ ವ್ಯಾಪಾರ ಶುರು ಮಾಡಿದ್ದ. ಪ್ಯಾಕೆಟ್ಟಿನ ಮೇಲೆ ಹಾಕೋದಕ್ಕೆ ಹಳೆ ಬೆಂಗಳೂರಿನ ಒಂದು ಬೀದಿಯ ಚಿತ್ರ ಕೊಡು ಅಂದ. ಬೆಳಗಿನ ಬಿಸಿಲು, ಸ್ಟೀಲ್ ಲೋಟ ಹಿಡಿದು ನಿಂತ ಜನ, ಲೋಟದಿಂದ ಏಳುವ ಹಬೆ, ಎಲ್ಲ ಸರಿಯಾಗಿ ಸೇರಿದ ಚಿತ್ರ ಒಂದಿತ್ತು, ಕೊಟ್ಟೆ. ಪ್ರೆಸ್ಸಿನಲ್ಲಿ ಪ್ರೂಫು ಕೈಗೆ ಬಂತು. ಹಿರಿಯರು ಕನ್ನಡಕ ಏರಿಸಿ ನೋಡಿ ಕೇಳಿದರು, "ಏನಪ್ಪಾ, ಆ ಹೋಟೆಲಿನವರೇ ಈ ಪುಡಿ ಮಾಡ್ತಾರಾ?" ಜನರ ತಲೆಯ ಮೇಲೆ, ಚಿತ್ರದ ನಟ್ಟನಡುವೆ, ಊರಿಗೆಲ್ಲ ಗೊತ್ತಿರುವ ಒಂದು ಹೋಟೆಲಿನ ಬೋರ್ಡು ಇತ್ತು. ನೂರು ಸಲ ನೋಡಿದ ಚಿತ್ರ, ನನಗೆ ಅದು ಹೊಳೆದೇ ಇರಲಿಲ್ಲ. ಅಚ್ಚು ನಿಲ್ಲಿಸಿದೆವು. ಮಾರನೇ ದಿನ ಬೆಳಗ್ಗೆ ಆರಕ್ಕೇ ಹೋಗಿ ಎದುರು ಬದಿಯಿಂದ ಬೇರೆ ಚಿತ್ರ ತೆಗೆದೆ. ಲೋಟ ಇತ್ತು, ಹಬೆ ಇತ್ತು, ಬೋರ್ಡು ಇರಲಿಲ್ಲ. ಅದೇ ಹಳೆಯ ಚಿತ್ರವನ್ನು ಬೆಂಗಳೂರಿನ ಕಾಫಿ ಬಗ್ಗೆ ಒಂದು ಲೇಖನಕ್ಕೆ ಕೊಟ್ಟಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಚಿತ್ರ ಒಂದೇ, ಜಾಗ ಬೇರೆ.

ಕೆಲವು ಕಡೆ ಕಟ್ಟಡವೇ ಟ್ರೇಡ್‌ಮಾರ್ಕು. 1903ರಲ್ಲಿ ತೆರೆದ ಮುಂಬೈಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ರೂಪ 2017ರಲ್ಲಿ ನೋಂದಣಿ ಆಯಿತು. ಭಾರತದಲ್ಲಿ ಹೀಗೆ ನೋಂದಣಿಯಾದ ಮೊದಲ ಕಟ್ಟಡ ಅದು. ಎದುರಿನ ಗೇಟ್‌ವೇ ಆಫ್ ಇಂಡಿಯಾ ಮುಂದೆ ನಿಂತು ನೀವು ಫೋಟೋ ತೆಗೆಯೋದಕ್ಕೆ ಇದರಿಂದ ಅಡ್ಡಿಯಿಲ್ಲ. ಆದರೆ ಆ ಗುಮ್ಮಟವನ್ನು ನಿಮ್ಮ ಲಾಡ್ಜಿನ ಕರಪತ್ರಕ್ಕೋ ಟೀ ಷರ್ಟಿಗೋ ಹಾಕಿದರೆ ನೋಟಿಸ್ ಬರಬಹುದು. ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನುವ ಸಂಗೀತದ ಮ್ಯೂಸಿಯಂ ತನ್ನ ಕಟ್ಟಡದ ಪೋಸ್ಟರ್ ಮಾರಿದ ಛಾಯಾಗ್ರಾಹಕ ಚಕ್ ಜೆಂಟೈಲ್ ಮೇಲೆ ದಾವೆ ಹಾಕಿತ್ತು. 1998ರಲ್ಲಿ ಮೇಲ್ಮನವಿ ಕೋರ್ಟು ಛಾಯಾಗ್ರಾಹಕನ ಮೇಲಿದ್ದ ತಡೆ ತೆಗೆಯಿತು. ಪೋಸ್ಟರಿನಲ್ಲಿ ಕಟ್ಟಡ ಕಾಣೋದು ಚಿತ್ರದ ವಸ್ತುವಾಗಿ, ಮಾಲಿನ ಗುರುತಾಗಿ ಅಲ್ಲ ಅನ್ನೋದು ಅದರ ಮುಖ್ಯ ಮಾತು. ನಮ್ಮ ಕೋರ್ಟುಗಳು ಅದಕ್ಕೆ ಬದ್ಧವಲ್ಲ. ಆದರೂ ವಿಷಯ ಅರ್ಥ ಮಾಡಿಕೊಳ್ಳೋದಕ್ಕೆ ಒಳ್ಳೆಯ ಉದಾಹರಣೆ.

ಫೋಟೋಗಳನ್ನು ಸಂಗ್ರಹಿಸಿಟ್ಟು ಮಾರುವ ಸ್ಟಾಕ್ ಸಂಸ್ಥೆಗಳಿಗೆ ಚಿತ್ರ ಕಳಿಸುವವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಎರಡು ಗೂಡು ಇರುತ್ತದೆ. ಸುದ್ದಿ, ಲೇಖನಕ್ಕೆ ಮಾತ್ರ ಅನ್ನುವುದು ಒಂದು, ಜಾಹೀರಾತಿಗೂ ಆಗುತ್ತದೆ ಅನ್ನುವುದು ಇನ್ನೊಂದು. ಬೋರ್ಡು ಇರುವ ಚಿತ್ರವನ್ನು ಮೊದಲನೆಯದಕ್ಕೆ ಹಾಕಿ. ಎರಡನೆಯದಕ್ಕೆ ಹಾಕಬೇಕಾದರೆ ಬೋರ್ಡು ಅಳಿಸಿ, ಇಲ್ಲವೇ ಕಟ್ಟಡದವರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಕಾನೂನು ಕೇಳದಿದ್ದರೂ ಸಂಸ್ಥೆಗಳು ಆ ಪತ್ರ ಕೇಳುತ್ತವೆ. ಅದು ಅವರ ನಿಯಮ, ಬೈದು ಪ್ರಯೋಜನ ಇಲ್ಲ. ಲೇಖನಕ್ಕೆ ಹೋಗುವ ಚಿತ್ರದಲ್ಲಿ ಮಾತ್ರ ಬೋರ್ಡು ಅಳಿಸಬೇಡಿ. ಅಳಿಸಿದರೆ ಆ ಬೀದಿಯ ಬಗ್ಗೆ ಸುಳ್ಳು ಹೇಳಿದ ಹಾಗೆ.

ಹಂತ 5: ಅನುಮತಿ ಬೇಕಾದಾಗ ಚಿಕ್ಕ ಪತ್ರ ಬರೆಯಿರಿ

ಬಾಯಿ ಮಾತಿನ ಒಪ್ಪಿಗೆ ನಾಳೆ ಮ್ಯಾನೇಜರ್ ಬದಲಾದರೆ ಹೋಯಿತು. ನಾನು ಬಳಸುವ ಪತ್ರ ಇಷ್ಟೇ ಉದ್ದ:

"ಮಾನ್ಯರೇ, ನಾನು ಛಾಯಾಗ್ರಾಹಕ. ನಿಮ್ಮ ಕಟ್ಟಡದ ಮುಂಭಾಗ ಮತ್ತು ನಾಮಫಲಕ ಇರುವ ಒಂದು ಚಿತ್ರವನ್ನು (ಪ್ರತಿ ಲಗತ್ತಿಸಿದೆ) ಇಂಥ ಕ್ಯಾಲೆಂಡರಿನ ಒಂದು ಪುಟದಲ್ಲಿ ಬಳಸಲು ಬಯಸುತ್ತೇನೆ. ಅಚ್ಚಾಗುವ ಪ್ರತಿಗಳು 500. ಇದರಿಂದ ನಿಮ್ಮ ಸಂಸ್ಥೆ ಈ ಕ್ಯಾಲೆಂಡರಿಗೆ ಬೆಂಬಲ ಕೊಟ್ಟಿದೆ ಎಂದು ಎಲ್ಲಿಯೂ ಹೇಳುವುದಿಲ್ಲ. ಒಪ್ಪಿಗೆ ಇದ್ದರೆ ದಯವಿಟ್ಟು ಈ ಪತ್ರದ ಕೆಳಗೆ ಸಹಿ, ಮೊಹರು, ದಿನಾಂಕ ಹಾಕಿ ಕೊಡಿ."

ಚಿತ್ರ ಲಗತ್ತಿಸೋದನ್ನು ಮರೆಯಬೇಡಿ. ಚಿತ್ರ ನೋಡಿದ ಮೇಲೆ ಬೇಡ ಅಂದವರು ನನಗೆ ಕಡಿಮೆ. ನೋಡದೆ ಇದ್ದವರು ಏನೋ ಅಂತ ಅನುಮಾನ ಪಡುತ್ತಾರೆ. ಗೋಡೆ ಚಿತ್ರವಾದರೆ ಪತ್ರ ಹೋಗಬೇಕಾದದ್ದು ಗೋಡೆಯ ಮಾಲೀಕರಿಗಲ್ಲ, ಕಲಾವಿದರಿಗೆ. ಅವರ ಸಹಿ ಹೆಚ್ಚಾಗಿ ಚಿತ್ರದ ಕೆಳಗಿನ ಮೂಲೆಯಲ್ಲಿ ಇರುತ್ತದೆ. ಕೆಲಸ ದೊಡ್ಡದು, ದುಡ್ಡು ದೊಡ್ಡದು ಅಂದರೆ ಪತ್ರಕ್ಕೂ ಮೊದಲು ಒಬ್ಬ ವಕೀಲರನ್ನು ಕಾಣಿ.

ನಿಮ್ಮ ಹಕ್ಕನ್ನೂ ನೋಡಿಕೊಳ್ಳಿ. ದುಡ್ಡು ಕೊಟ್ಟು ಯಾರಾದರೂ ನಿಮ್ಮಿಂದ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಆ ಚಿತ್ರದ ಹಕ್ಕು ತೆಗೆಸಿದವರದ್ದು. ನಿಮ್ಮಲ್ಲೇ ಉಳಿಯಬೇಕು ಅಂದರೆ ಕ್ಯಾಮೆರಾ ಎತ್ತುವ ಮೊದಲೇ ಬರೆಸಿಕೊಳ್ಳಿ.

ಹಂತ 6: ಯಾರಾದರೂ ತಡೆದರೆ

ಸೆಕ್ಯುರಿಟಿಯವರು ಮಾಡುತ್ತಿರೋದು ಅವರ ಕೆಲಸ. ಹನ್ನೆರಡು ಗಂಟೆ ನಿಂತಿರುತ್ತಾರೆ, ಪಾಪ. ಮೊದಲು ಕ್ಯಾಮೆರಾ ಇಳಿಸಿ. ಅಣ್ಣಾ ಅಂತಲೋ ಸಾರ್ ಅಂತಲೋ ಮಾತಾಡಿಸಿ. ಏನು ತೆಗೆದಿರಿ ಅಂತ ತೋರಿಸಿದರೆ ಬಹಳ ಸಲ ಅಲ್ಲೇ ಮುಗಿಯುತ್ತದೆ. ಅವರ ಜಾಗದಲ್ಲಿದ್ದರೆ ಸುಮ್ನೆ ಹೊರಗೆ ಬನ್ನಿ. ರಸ್ತೆಯಲ್ಲಿದ್ದರೆ "ನಾನು ರಸ್ತೆಯಲ್ಲಿದ್ದೀನಿ, ಕಟ್ಟಡದ ಹೊರಗಷ್ಟೇ ತೆಗೀತಿದ್ದೀನಿ" ಅಂತ ಮೆತ್ತಗೆ ಹೇಳಿ.

ಖಾಸಗಿ ಕಾವಲುಗಾರರಿಗೆ ನಿಮ್ಮ ಕ್ಯಾಮೆರಾ ಕಿತ್ತುಕೊಳ್ಳುವ ಅಧಿಕಾರ ಇಲ್ಲ. ಚಿತ್ರ ಅಳಿಸಿ ಅಂತ ಬಲವಂತ ಮಾಡುವ ಅಧಿಕಾರವೂ ಇಲ್ಲ. ಕೈ ಹಾಕಿದರೆ ತಿರುಗಿ ಕೈ ಹಾಕಬೇಡಿ, 112ಕ್ಕೆ ಕರೆ ಮಾಡಿ. ಪೊಲೀಸರು ಬಂದರೆ ಹೆಸರು, ಕೆಲಸ ಹೇಳಿ, ಗುರುತಿನ ಚೀಟಿ ತೋರಿಸಿ. ಕ್ಯಾಮೆರಾವನ್ನು ಜಪ್ತಿ ಮಾಡುತ್ತೇವೆ ಅಂದರೆ ಜಪ್ತಿ ಪಟ್ಟಿಯ ಪ್ರತಿ ಕೇಳಿ. ಯಾವ ಕಾರಣಕ್ಕೆ, ಯಾವ ಸೆಕ್ಷನ್ ಕೆಳಗೆ ಅಂತ ಗೌರವದಿಂದಲೇ ಕೇಳಿ ಬರೆದುಕೊಳ್ಳಿ. ಹೆದರಿ ಅಲ್ಲೇ ಚಿತ್ರ ಅಳಿಸಬೇಡಿ. ನೀವು ತಪ್ಪು ಮಾಡಿಲ್ಲ ಅಂತ ಹೇಳೋದಕ್ಕೆ ಇರುವ ಸಾಕ್ಷಿ ಆ ಚಿತ್ರವೇ.

ಒಬ್ಬಳೇ ಹೋಗುವ ಹುಡುಗಿಯರಿಗೆ ಒಂದು ಮಾತು. ವಾದ ಜೋರಾಗುತ್ತಿದೆ, ಗುಂಪು ಸೇರುತ್ತಿದೆ ಅನ್ನಿಸಿದರೆ ಹಕ್ಕಿನ ಲೆಕ್ಕ ಆಮೇಲೆ. ಮೊದಲು ಹತ್ತಿರದ ಅಂಗಡಿಯೊಳಗೆ ಹೋಗಿ. ಕಟ್ಟಡ ನಾಳೆಯೂ ಅಲ್ಲೇ ಇರುತ್ತದೆ.

ಹಂತ 7: ಹೊರದೇಶಕ್ಕೆ ಹೊರಟಿದ್ದರೆ

ನಮ್ಮ 52ನೇ ಸೆಕ್ಷನ್ ನಮ್ಮ ಗಡಿಯೊಳಗಷ್ಟೇ. ಪ್ಯಾರಿಸ್ಸಿನ ಐಫೆಲ್ ಗೋಪುರದ ಹಕ್ಕುಸ್ವಾಮ್ಯ ಮುಗಿದಿದೆ, ಗುಸ್ತಾವ್ ಐಫೆಲ್ ತೀರಿಕೊಂಡದ್ದು 1923ರಲ್ಲಿ. ಆದರೆ ರಾತ್ರಿಯ ದೀಪಾಲಂಕಾರ ಆಮೇಲೆ ಬಂದದ್ದು, ಅದರ ಮೇಲೆ ಹಕ್ಕಿದೆ ಅಂತ ಗೋಪುರ ನಡೆಸುವ ಸಂಸ್ಥೆ ಹೇಳುತ್ತದೆ. ಮಧುಚಂದ್ರದ ಫೋಟೋ ತೆಗೆದುಕೊಳ್ಳಿ, ಮನೆಯವರಿಗೆ ಕಳಿಸಿ, ಯೋಚನೆ ಬೇಡ. ಆ ರಾತ್ರಿ ಚಿತ್ರವನ್ನು ಟ್ರಾವೆಲ್ ಏಜೆನ್ಸಿಯ ಜಾಹೀರಾತಿಗೆ ಕೊಡುವ ಮುಂಚೆ ಅನುಮತಿ ಕೇಳಿ.

ಅಮೆರಿಕದಲ್ಲಿ ಬೀದಿಯಿಂದ ಕಾಣುವ ಕಟ್ಟಡಕ್ಕೆ ಸ್ವಾತಂತ್ರ್ಯ ಇದೆ, ಪ್ರತಿಮೆಗೆ ಇಲ್ಲ. ಪ್ರತಿಮೆಯ ವಿಷಯದಲ್ಲಿ ಅದು ನಮ್ಮದಕ್ಕೆ ಉಲ್ಟಾ. ವಾಷಿಂಗ್ಟನ್ನಿನ ಕೊರಿಯಾ ಯುದ್ಧ ಸ್ಮಾರಕದ ಸೈನಿಕರ ಪ್ರತಿಮೆಗಳ ಫೋಟೋವನ್ನು ಅಲ್ಲಿನ ಅಂಚೆ ಇಲಾಖೆ ಸ್ಟಾಂಪಿಗೆ ಬಳಸಿತು. ಶಿಲ್ಪಿ ಫ್ರಾಂಕ್ ಗೇಲಾರ್ಡ್ ಕೋರ್ಟಿಗೆ ಹೋಗಿ ಗೆದ್ದರು, ಪರಿಹಾರವಾಗಿ ಸಿಕ್ಕಿದ್ದು 6 ಲಕ್ಷದ 84 ಸಾವಿರ ಡಾಲರಿಗೂ ಹೆಚ್ಚು. ಜರ್ಮನಿಯಲ್ಲಿ ರಸ್ತೆಯಿಂದ ಕಾಣುವ ನೋಟಕ್ಕೆ ಸ್ವಾತಂತ್ರ್ಯ. ಆದರೆ ಆಸ್ಟ್ರಿಯಾದ ವಿಯೆನ್ನಾದಲ್ಲಿರುವ ಹುಂಡರ್ಟ್‌ವಾಸರ್ ಮನೆಯನ್ನು ಎದುರಿನ ಮನೆಯ ಮೇಲಿನಿಂದ ತೆಗೆದು ಜರ್ಮನಿಯಲ್ಲಿ ಮಾರಿದ ಚಿತ್ರಕ್ಕೆ ಅದು ಸಲ್ಲದು ಅಂತ 2003ರಲ್ಲಿ ಜರ್ಮನಿಯ ಸರ್ವೋಚ್ಚ ಕೋರ್ಟು ಹೇಳಿತು. ಅಲ್ಲೂ ಕೊನೆಗೆ ಬಂದು ನಿಂತದ್ದು ಕಾಲು ಎಲ್ಲಿತ್ತು ಅನ್ನೋದರ ಮೇಲೆ.

ದುಬೈ, ಅಬುಧಾಬಿಯಲ್ಲಿ ನಮ್ಮವರು ಬಹಳ ಇದ್ದಾರೆ. ಅಲ್ಲಿ ಸರ್ಕಾರಿ, ಸೇನೆಯ ಕಟ್ಟಡ, ಅಪರಿಚಿತರ ಮುಖ, ಈ ಮೂರರ ವಿಷಯದಲ್ಲಿ ಕಾನೂನು ತುಂಬಾ ಬಿಗಿ. ಊರಿನ ಅಭ್ಯಾಸ ಅಲ್ಲಿ ಬೇಡ.

ಹಂತ 8: ತೆಗೆದ ಮೇಲೆ ಬರೆದಿಡಿ

ಮನೆಗೆ ಬಂದು ಚಿತ್ರ ಕಂಪ್ಯೂಟರಿಗೆ ಹಾಕಿದ ದಿನವೇ ನಾಲ್ಕು ವಿಷಯ ಬರೆದಿಡಿ. ತಾರೀಕು, ನೀವು ನಿಂತಿದ್ದ ಜಾಗ, ಕಟ್ಟಡದ ಹೆಸರು, ಗೊತ್ತಿದ್ದರೆ ಅದನ್ನು ಮಾಡಿದವರ ಹೆಸರು. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ನೀವು ರಸ್ತೆಯಲ್ಲಿದ್ದಿರಿ ಅಂತ ಹೇಳೋದಕ್ಕೆ ಇದು ಬೇಕು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೆಜೆಸ್ಟಿಕ್ಕಿನ ಕಪಾಲಿ ಚಿತ್ರಮಂದಿರ ಈಗಿಲ್ಲ. ಎಂ.ಜಿ. ರಸ್ತೆಯ ಪ್ಲಾಜಾ ಇಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಲ್ ಕಟ್ಟಿದ ಹಾಲ್ ಆಫ್ ನೇಷನ್ಸ್ 2017ರ ಏಪ್ರಿಲಿನಲ್ಲಿ ನೆಲಸಮ ಆಯಿತು. ಆ ವಾಸ್ತುಶಿಲ್ಪಿ ಕೋರ್ಟಿಗೆ ಹೋದರೂ ಅವರ ಪರ ತೀರ್ಪು ಬರಲಿಲ್ಲ. ಇವೆಲ್ಲ ಈಗ ಉಳಿದಿರೋದು ಯಾರೋ ಬೀದಿಯಲ್ಲಿ ನಿಂತು ತೆಗೆದ ಚಿತ್ರಗಳಲ್ಲಿ.

ಕೈಬರಹದ ಬೋರ್ಡುಗಳಂತೂ ಫ್ಲೆಕ್ಸು ಬಂದ ಮೇಲೆ ಕಣ್ಣೆದುರೇ ಹೋಗುತ್ತಿವೆ. ಚಿಕ್ಕಪೇಟೆಯ ಗಲ್ಲಿಯಲ್ಲಿ ಒಂದು ಹೊಲಿಗೆ ಅಂಗಡಿಯ ತಗಡಿನ ಬೋರ್ಡು ತೆಗೆದಿದ್ದೆ. ಹಳದಿ ನೆಲ, ಕೆಂಪು ಅಕ್ಷರ, ಪ್ರತಿ ಅಕ್ಷರದ ಬಲಕ್ಕೆ ಕಪ್ಪು ನೆರಳು, ತಲೆಕಟ್ಟಿನ ತುದಿ ಕೊಕ್ಕಿನ ಹಾಗೆ ಬಾಗಿತ್ತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಕೆಳಗಿನ ಬಲ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿ ಬರೆದವರ ಹೆಸರು ಸಿಕ್ಕಿತು. ಈಗ ಆ ಚಿತ್ರ ಎಲ್ಲಿ ಹಾಕಿದರೂ ಅಂಗಡಿ ಹೆಸರಿನ ಜೊತೆ ಅವರ ಹೆಸರನ್ನೂ ಬರೆಯುತ್ತೇನೆ.